ಬಾನಿನ ಮನೆಗೆ ಹ್ಯಾಮ್ ರೇಡಿಯೋ ಜೋಡಿಸಿದ್ದು ಹೇಗೆ?

ಗೆಳೆಯರೇ, ಹೋದ ತಿಂಗಳ ಸಂಚಿಕೆಯ 'ನಿಮಗಿದು ಗೊತ್ತೇ?' ಮೂಲೆಯಲ್ಲಿ ನಾನು ಒಂದು ಸಾಲು ಬರೆದಿದ್ದೆ. "ಬಾಹ್ಯಾಕಾಶದಲ್ಲಿ ಹಾರುತ್ತಿದ್ದ ಗಗನಯಾತ್ರಿಯೊಬ್ಬರು ಕೈಯಲ್ಲಿ ಹಿಡಿಯುವ ವಾಕಿಟಾಕಿಯಿಂದ ಭೂಮಿಯ ಜನರ ಜೊತೆ ಮಾತಾಡಿದ್ದಾರೆ" ಅಂತ. ಎರಡು ದಿನ ಆಗಿರಲಿಲ್ಲ, ಯಾರೋ ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ 'ಬುರುಡೆ' ಅಂತ ಬರೆದು ಎರಡು ಗೆರೆ ಎಳೆದಿದ್ದರು. ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಅನುಮಾನ ಬರೋದು ಸಹಜವೇ. ಜಾತ್ರೆ ಬಂದೋಬಸ್ತಿಗೆ ಬರುವ ಪೊಲೀಸರ ವಾಕಿಟಾಕಿ ಗುಡ್ಡದ ಆಚೆ ಹೋದರೆ ಗೊರಗೊರ ಅನ್ನುತ್ತೆ. ಅಂಥದ್ದು 400 ಕಿಲೋಮೀಟರ್ ಮೇಲಿಂದ ಹೇಗೆ ಕೇಳಿಸೀತು? ಕ್ಲಾಸಿನಲ್ಲಿ ಇದೇ ವಿಷಯಕ್ಕೆ ಗಲಾಟೆ ಆದಾಗ ವಿಜ್ಞಾನದ ಮೇಷ್ಟ್ರು, "ಬಾಯಲ್ಲಿ ಜಗಳ ಬೇಡ, ಲೆಕ್ಕ ಸಮೇತ ಬರೆದು ಅಂಟಿಸು" ಅಂದರು. ಆದ್ದರಿಂದ ಈ ಸಲ ಸಂಪಾದಕರ ಹತ್ತಿರ ಕೇಳಿ ಎರಡು ಹಾಳೆ ಹೆಚ್ಚಿಗೆ ತಗೊಂಡಿದ್ದೀನಿ. ಆದರೆ ಓದುತ್ತಾ ಹೋದ ಹಾಗೆ ನನಗೆ ಗೊತ್ತಾಗಿದ್ದು ಏನೆಂದರೆ, ಮೇಲಿಂದ ಮಾತು ಕೆಳಗೆ ಬರೋದು ಅಂಥ ಕಷ್ಟದ ಸಂಗತಿಯೇ ಅಲ್ಲ. ಆ ರೇಡಿಯೋವನ್ನು ಮೇಲೆ ಹೊತ್ತುಕೊಂಡು ಹೋಗಿ, ಕೂರಿಸಿ, ತಂತಿ ಎಳೆದು, ಅದು ಕೆಲಸ ಮಾಡುವ ಹಾಗೆ ನೋಡಿಕೊಳ್ಳೋದೇ ಕಷ್ಟ. ಅದನ್ನೂ ಹೇಳ್ತೀನಿ.

ಮೊದಲು ಹ್ಯಾಮ್ ಅಂದರೇನು ಅಂತ ಎರಡು ಮಾತು. ದುಡ್ಡಿಗಾಗಿ ಅಲ್ಲದೆ, ಕಲಿಯುವ ಆಸೆಗಾಗಿ, ಸರ್ಕಾರದ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆದು, ಮನೆಯಲ್ಲೇ ಸ್ವಂತ ರೇಡಿಯೋ ಇಟ್ಟುಕೊಂಡು ದೂರದವರ ಜೊತೆ ಮಾತಾಡುವವರನ್ನು ಹವ್ಯಾಸಿ ರೇಡಿಯೋದವರು ಅಥವಾ ಹ್ಯಾಮ್ ಅನ್ನುತ್ತಾರೆ. ಆಕಾಶವಾಣಿಯ ಹಾಗೆ ಒಬ್ಬರು ಹೇಳಿ ಲಕ್ಷ ಜನ ಕೇಳೋದಲ್ಲ ಇದು. ಇಬ್ಬರೂ ಹೇಳಬಹುದು, ಇಬ್ಬರೂ ಕೇಳಬಹುದು. ಒಬ್ಬೊಬ್ಬರಿಗೂ ಒಂದೊಂದು ಕರೆಗುರುತು ಇರುತ್ತೆ. ನಮ್ಮ ದೇಶದವರದ್ದು ಸಾಮಾನ್ಯವಾಗಿ 'ವಿಯು' ಅಂತ ಶುರುವಾಗುತ್ತೆ. ಪ್ರಧಾನಿಯಾಗಿದ್ದ ರಾಜೀವ್ ಗಾಂಧಿಯವರೂ ಹ್ಯಾಮ್ ಆಗಿದ್ದರು. ಅವರ ಕರೆಗುರುತು ವಿಯು2ಆರ್‌ಜಿ. ನಮ್ಮಲ್ಲಿ ಹನ್ನೆರಡು ವರ್ಷ ತುಂಬಿದವರು ಈ ಪರೀಕ್ಷೆಗೆ ಕೂರಬಹುದು. ಅಂದರೆ ನಮ್ಮ ಎಂಟನೇ ಕ್ಲಾಸಿನವರೂ ಕೂರಬಹುದು!

ಇನ್ನು ಲೆಕ್ಕಕ್ಕೆ ಬರೋಣ

ವಾಕಿಟಾಕಿಯಲ್ಲಿ ಬಳಸುವ ಅಲೆಗಳು ಹೆಚ್ಚುಕಡಿಮೆ ಬೆಳಕಿನ ಹಾಗೆ ನೆಟ್ಟಗೆ ಹೋಗುತ್ತವೆ. ಭೂಮಿಯ ಉಬ್ಬನ್ನು ಬಳಸಿಕೊಂಡು ಆಚೆ ಬಗ್ಗಿ ಹೋಗೋದಿಲ್ಲ. ಬಯಲಿನಲ್ಲಿ ನಿಂತವನ ಕಣ್ಣು ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ಅವನಿಗೆ ದಿಗಂತ ನಾಲ್ಕು ಕಿಲೋಮೀಟರ್ ಚಿಲ್ಲರೆ ದೂರ ಮಾತ್ರ. ಆಮೇಲೆ ಭೂಮಿಯೇ ಅಡ್ಡ. ಇಬ್ಬರು ಇಬ್ಬರ ಕೈಯಲ್ಲೂ ವಾಕಿಟಾಕಿ ಹಿಡಿದು ನಿಂತರೆ ಒಳ್ಳೆ ಬಯಲಿನಲ್ಲಿ ಎಂಟೊಂಬತ್ತು ಕಿಲೋಮೀಟರ್. ನಡುವೆ ಗುಡ್ಡ, ತೋಪು, ಊರು ಬಂದರೆ ಅದೂ ಇಲ್ಲ. ಅಂದರೆ ವಾಕಿಟಾಕಿಗೆ ಶಕ್ತಿ ಸಾಲದು ಅಂತ ಅಲ್ಲ, ದಾರಿ ಇಲ್ಲ ಅಂತ.

ಈಗ ಅದನ್ನೇ ಎತ್ತಿಕೊಂಡು 420 ಕಿಲೋಮೀಟರ್ ಮೇಲೆ ಹೋಗಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು ಅಷ್ಟು ಎತ್ತರದಲ್ಲಿ ಸುತ್ತುತ್ತಿದೆ. ಅಲ್ಲಿಂದ ದಿಗಂತ ಎಷ್ಟು ದೂರ? ಇದಕ್ಕೆ ನಾವು ಕಲಿತ ಪೈಥಾಗೊರಸ್ ಪ್ರಮೇಯ ಸಾಕು. ಭೂಮಿಯ ಕೇಂದ್ರ, ನಾವು ನಿಂತ ಜಾಗ, ದಿಗಂತದಲ್ಲಿರುವ ನಿಲ್ದಾಣ, ಈ ಮೂರನ್ನೂ ಸೇರಿಸಿದರೆ ಒಂದು ಲಂಬಕೋನ ತ್ರಿಭುಜ. ಲಂಬಕೋನ ನಮ್ಮ ಕಾಲಿನ ಹತ್ತಿರ. ಒಂದು ಬಾಹು ಭೂಮಿಯ ತ್ರಿಜ್ಯ, 6371. ವಿಕರ್ಣ 6371 ಕೂಡಿಸು 420, ಅಂದರೆ 6791. ಇದರ ವರ್ಗದಿಂದ ಅದರ ವರ್ಗ ಕಳೆದರೆ 55,28,040 ಬರುತ್ತೆ. ಅದರ ವರ್ಗಮೂಲ ಸುಮಾರು 2351. ಬರೆದು ನೋಡಿ, ನಾನು ಎರಡು ಸಲ ತಾಳೆ ನೋಡಿದ್ದೀನಿ.

ಅಂದರೆ ನಿಲ್ದಾಣ 2350 ಕಿಲೋಮೀಟರ್ ದೂರ ಇರುವಾಗಲೇ ನಮಗೂ ಅದಕ್ಕೂ ನಡುವೆ ಭೂಮಿ ಅಡ್ಡ ಬರೋದಿಲ್ಲ. ಅದು ಕಾಶ್ಮೀರದ ಮೇಲೆ ಹಾರುವ ಹೊತ್ತಿಗೇ ನಮ್ಮೂರಿನ ಬಯಲಿನ ಅಂಚಿಗೆ ಬಂದುಬಿಟ್ಟಿರುತ್ತೆ. ನಡುವೆ ಗುಡ್ಡ ಇಲ್ಲ, ಮರ ಇಲ್ಲ, ಕಟ್ಟಡ ಇಲ್ಲ. ಗಾಳಿಯೂ ಕೆಳಗಿನ ಸ್ವಲ್ಪ ದೂರ ಮಾತ್ರ. ಬಾವಿಯೊಳಗೆ ಹಚ್ಚಿದ ಪೆಟ್ರೋಮ್ಯಾಕ್ಸ್ ಪಕ್ಕದ ಮನೆಗೆ ಕಾಣೋದಿಲ್ಲ, ಬೆಟ್ಟದ ನೆತ್ತಿಯಲ್ಲಿ ಹಚ್ಚಿದ ಸಣ್ಣ ದೀಪ ಹತ್ತು ಊರಿಗೆ ಕಾಣುತ್ತೆ. ಅಷ್ಟೇ ವ್ಯತ್ಯಾಸ.

ದೂರ ಹೆಚ್ಚಾದ ಹಾಗೆ ಸಿಗ್ನಲ್ ಕ್ಷೀಣಿಸುವುದು ನಿಜ. ದೂರ ಎರಡರಷ್ಟಾದರೆ ಶಕ್ತಿ ನಾಲ್ಕನೇ ಒಂದಾಗುತ್ತೆ. ನಿಲ್ದಾಣ ನೆತ್ತಿಯ ಮೇಲಿದ್ದಾಗ 420, ದಿಗಂತದಲ್ಲಿದ್ದಾಗ 2350. ದೂರ ಸುಮಾರು ಐದೂವರೆ ಪಟ್ಟು, ಆದ್ದರಿಂದ ಶಕ್ತಿ ಸುಮಾರು ಮೂವತ್ತನೇ ಒಂದು ಭಾಗ. ಇದಕ್ಕೆ ಕೆಳಗಿನವರು ಒಂದು ಉಪಾಯ ಮಾಡುತ್ತಾರೆ. ಹಿಂದೆ ದೂರದರ್ಶನ ನೋಡಲು ಮನೆ ಮೇಲೆ ಮೀನಿನ ಮುಳ್ಳಿನ ಥರ ಆಂಟೆನಾ ಹಾಕುತ್ತಿದ್ದರಲ್ಲ, ಪಂಚಾಯ್ತಿ ಆಫೀಸಿನ ಮೇಲೆ ತುಕ್ಕು ಹಿಡಿದು ಇನ್ನೂ ಒಂದು ನಿಂತಿದೆ ನೋಡಿ, ಅಂಥದ್ದನ್ನೇ ಕೈಯಲ್ಲೋ ಮೋಟಾರಿನಿಂದಲೋ ನಿಲ್ದಾಣದ ಕಡೆಗೆ ತಿರುಗಿಸುತ್ತಾ ಹೋಗುತ್ತಾರೆ.

ವಾಕಿಟಾಕಿಯಲ್ಲಿ ಮಾತಾಡಿದವರು ಯಾರು?

ಅವರ ಹೆಸರು ಓವನ್ ಗ್ಯಾರಿಯಟ್. ಅಮೆರಿಕಾದವರು. ಕರೆಗುರುತು ಡಬ್ಲ್ಯು5ಎಲ್‌ಎಫ್‌ಎಲ್. 1983ರ ನವೆಂಬರ್ 28ರಂದು ಕೊಲಂಬಿಯಾ ಎಂಬ ಷಟಲ್ ನೌಕೆಯಲ್ಲಿ ಮೇಲೆ ಹೋದರು. ಕೆಲಸ ಮುಗಿದ ಬಿಡುವಿನಲ್ಲಿ ಕೈ ರೇಡಿಯೋ ತೆಗೆದು, ಕಿಟಕಿಗೆ ಒಂದು ಆಂಟೆನಾ ಒತ್ತಿ ಇಟ್ಟುಕೊಂಡು ಭೂಮಿಯವರನ್ನು ಕರೆದರು. ಬಾಹ್ಯಾಕಾಶದಿಂದ ಮಾತಾಡಿದ ಮೊದಲ ಹ್ಯಾಮ್ ಅವರೇ. ಆ ರೇಡಿಯೋದ ಶಕ್ತಿ ಸುಮಾರು 5 ವ್ಯಾಟ್. ರಾತ್ರಿ ಹಚ್ಚಿಡುವ ಸಣ್ಣ ಬಲ್ಬಿನಷ್ಟು. ಅವರ ಮಾತು ಕೇಳಿ ಉತ್ತರ ಕೊಟ್ಟವರಲ್ಲಿ ಜೋರ್ಡಾನ್ ದೇಶದ ರಾಜ ಹುಸೇನ್ ಕೂಡ ಒಬ್ಬರು. ರಾಜನಿಗೂ ಹ್ಯಾಮ್ ಹುಚ್ಚು! ಗ್ಯಾರಿಯಟ್ ಅವರ ಮಗ ರಿಚರ್ಡ್ 2008ರಲ್ಲಿ ನಿಲ್ದಾಣಕ್ಕೆ ಹೋಗಿ ಅಲ್ಲಿಂದ ಅಪ್ಪನ ಹಾಗೇ ಹ್ಯಾಮ್ ರೇಡಿಯೋದಲ್ಲಿ ಮಾತಾಡಿದರು.

ಆದರೆ ಷಟಲ್ ಅಂದರೆ ಬಸ್ಸಿನ ಹಾಗೆ. ಹತ್ತು ದಿನ ಹೋಗಿ ವಾಪಸ್ ಬರುತ್ತಿತ್ತು. ಮನೆ ಮಾಡಿಕೊಂಡು ಇದ್ದದ್ದು ರಷ್ಯಾದವರ ಮಿರ್ ನಿಲ್ದಾಣದಲ್ಲಿ. ಅಲ್ಲಿ 1988ರಲ್ಲಿ ಹ್ಯಾಮ್ ರೇಡಿಯೋ ಶುರುವಾಯಿತು. ಯಾಕೆ ಬೇಕಿತ್ತು ಅಂತ ಕೇಳಬಹುದು. ನಿಯಂತ್ರಣ ಕೇಂದ್ರದವರು ಮಾತಾಡೋದು ಕೆಲಸದ ಮಾತು. ತಿಂಗಳುಗಟ್ಟಲೆ ಅದನ್ನೇ ಕೇಳಿದರೆ ಮನುಷ್ಯನಿಗೆ ಬೇಜಾರಾಗೋದಿಲ್ಲವೇ? ಸೆರ್ಗೈ ಕ್ರಿಕಲ್ಯೋವ್ ಅನ್ನುವವರು 1991ರ ಮೇ ತಿಂಗಳಲ್ಲಿ ಮಿರ್‌ಗೆ ಹೋದರು. ಅವರು ಮೇಲಿರುವಾಗಲೇ ಡಿಸೆಂಬರಿನಲ್ಲಿ ಸೋವಿಯತ್ ಒಕ್ಕೂಟ ಎಂಬ ದೇಶವೇ ಇಲ್ಲವಾಯಿತು! 1992ರ ಮಾರ್ಚಿನಲ್ಲಿ ಅವರು ಇಳಿದದ್ದು ಬೇರೆ ಬಾವುಟದ ಕಾಲಕ್ಕೆ. ಆ ಹತ್ತು ತಿಂಗಳು ಅವರು ಯು5ಮಿರ್ ಎಂಬ ಕರೆಗುರುತಿನಲ್ಲಿ ಬೇರೆ ಬೇರೆ ದೇಶದ ಹ್ಯಾಮ್‌ಗಳ ಜೊತೆ ಮಾತಾಡುತ್ತಿದ್ದರು. ಆ ರೇಡಿಯೋ ಅವರಿಗೆ ಊರ ಕಟ್ಟೆ ಇದ್ದ ಹಾಗೆ ಇತ್ತು ಅಂತ ನನಗನ್ನಿಸುತ್ತೆ. ಇವರ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತಾರೆ.

ಜೋಡಿಸುವ ಕಷ್ಟ

ಈಗ ಮುಖ್ಯ ವಿಷಯ. ನಮ್ಮ ಮನೆಯಲ್ಲಿ ರೇಡಿಯೋ ಇಡಬೇಕಾದರೆ ಏನು ಮಾಡ್ತೀವಿ? ಮೊಳೆ ಹೊಡೆದು ತೂಗುಹಾಕ್ತೀವಿ, ಪ್ಲಗ್ ಚುಚ್ಚುತ್ತೀವಿ, ತಂತಿಯನ್ನು ಕಿಟಕಿಯಿಂದ ಆಚೆ ಹಾಕ್ತೀವಿ. ಬಾಹ್ಯಾಕಾಶ ನಿಲ್ದಾಣದಲ್ಲಿ ಈ ಮೂರೂ ಆಗೋದಿಲ್ಲ.

ಮೊದಲನೆಯದು ಗೋಡೆ. ನಿಲ್ದಾಣದ ಗೋಡೆ ಲೋಹದ್ದು. ಲೋಹದ ಡಬ್ಬಿಯೊಳಗಿಂದ ರೇಡಿಯೋ ಅಲೆ ಹೊರಗೆ ಹೋಗೋದಿಲ್ಲ, ಒಳಗೂ ಬರೋದಿಲ್ಲ. ಇದನ್ನು ನೀವೇ ಪರೀಕ್ಷೆ ಮಾಡಿ. ಸಣ್ಣ ಟ್ರಾನ್ಸಿಸ್ಟರ್ ಹಚ್ಚಿ, ಅಮ್ಮನಿಗೆ ಹೇಳಿ ಒಂದು ಸ್ಟೀಲ್ ಡಬ್ಬಿ ಇಸ್ಕೊಂಡು, ಅದರೊಳಗೆ ಇಟ್ಟು ಮುಚ್ಚಳ ಬಿಗಿಯಾಗಿ ಹಾಕಿ. ಹಾಡು ಅಡಗಿ ಬರೀ ಸರಸರ ಸದ್ದು ಉಳಿಯುತ್ತೆ. ಮುಚ್ಚಳ ತೆಗೆದರೆ ಹಾಡು ಮತ್ತೆ ಬರುತ್ತೆ. ಅದಕ್ಕೇ ಗ್ಯಾರಿಯಟ್ ಆಂಟೆನಾವನ್ನು ಕಿಟಕಿಗೆ ಹಿಡಿದದ್ದು. ಕಿಟಕಿಯಲ್ಲಿ ಯಾವಾಗಲೂ ಇಟ್ಟುಕೊಂಡು ಕೂರಲು ಆಗೋದಿಲ್ಲ, ಅದು ಒಂದೇ ಕಡೆಗೆ ನೋಡುತ್ತೆ. ಆದ್ದರಿಂದ ಆಂಟೆನಾ ಗೋಡೆಯ ಹೊರಗೇ ಇರಬೇಕು, ರೇಡಿಯೋ ಒಳಗೇ ಇರಬೇಕು.

ಹಾಗಾದರೆ ಗೋಡೆಗೆ ತೂತು ಹಾಕಿ ತಂತಿ ಎಳೆದರಾಯಿತು ಅನ್ನಬೇಡಿ. ಒಳಗೆ ನಾವು ಉಸಿರಾಡುವ ಹಾಗೇ ಗಾಳಿ ತುಂಬಿದೆ, ಹೊರಗೆ ಏನೂ ಇಲ್ಲ. ಗೋಡೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಒಳಗಿನಿಂದ ಸುಮಾರು ಒಂದು ಕಿಲೋ ತೂಕದಷ್ಟು ಒತ್ತಡ. ಸೂಜಿ ತೂತು ಬಿದ್ದರೂ ಗಾಳಿ ಸೋರುತ್ತೆ. ಆದ್ದರಿಂದ ಕೇಬಲ್ ದಾಟುವ ಜಾಗವನ್ನು ನಿಲ್ದಾಣದ ಭಾಗಗಳು ಇನ್ನೂ ಭೂಮಿಯ ಮೇಲೆ ಕಾರ್ಖಾನೆಯಲ್ಲಿರುವಾಗಲೇ, ಗಾಳಿ ಸೋರದ ಹಾಗೆ ಮಾಡಿಸಿಕೊಳ್ಳಬೇಕು. ಹಾರಿದ ಮೇಲೆ ನೆನಪಾದರೆ ಪ್ರಯೋಜನ ಇಲ್ಲ. ಹ್ಯಾಮ್‌ಗಳು ಇದನ್ನು ಮೊದಲೇ ಯೋಚನೆ ಮಾಡಿದ್ದರು. 1996ರಲ್ಲೇ ಅಮೆರಿಕಾ, ರಷ್ಯಾ, ಜಪಾನ್, ಯುರೋಪು ಮುಂತಾದ ಕಡೆಯ ಹವ್ಯಾಸಿಗಳು ಸೇರಿ 'ಅರಿಸ್' ಎಂಬ ಕೂಟ ಕಟ್ಟಿಕೊಂಡರು. ಆಗ ನಿಲ್ದಾಣದ ಒಂದು ಕೊಠಡಿಯೂ ಮೇಲೆ ಹೋಗಿರಲಿಲ್ಲ. ಜ್ವೆಜ್ದಾ ಎಂಬ ರಷ್ಯಾದ ಕೊಠಡಿ ಕಟ್ಟುವಾಗಲೇ ಅದರಲ್ಲಿ ಹ್ಯಾಮ್ ಕೇಬಲ್‌ಗಳಿಗೆ ದಾರಿ ಬಿಡಿಸಿಕೊಂಡರು.

ಎರಡನೆಯದು ಕರೆಂಟು. ನಮ್ಮ ಮನೆಯ 230 ವೋಲ್ಟ್ ಅಲ್ಲಿಲ್ಲ. ರಷ್ಯಾದ ಕೊಠಡಿಗಳಲ್ಲಿ 28 ವೋಲ್ಟ್, ಅಮೆರಿಕಾ ಮತ್ತು ಯುರೋಪಿನ ಕೊಠಡಿಗಳಲ್ಲಿ 120 ವೋಲ್ಟ್. ಎರಡೂ ನೇರ ವಿದ್ಯುತ್ತು. ಹ್ಯಾಮ್ ರೇಡಿಯೋಗೆ ಬೇಕಾದ್ದು 13.8 ವೋಲ್ಟ್, ಅಂದರೆ ಕಾರಿನ ಬ್ಯಾಟರಿ ಚಾರ್ಜ್ ಆಗುವಾಗ ಇರುವಷ್ಟು. ಒಂದೇ ಮನೆಯ ಎರಡು ಕೋಣೆಯಲ್ಲಿ ಎರಡು ಥರದ ಕರೆಂಟು ಇದ್ದರೆ ಹೇಗೆ, ಹಾಗೆ!

ಮೂರನೆಯದು ಬಿಸಿ. ಇದು ನನಗೆ ಬಹಳ ಆಶ್ಚರ್ಯ ಅನ್ನಿಸಿದ್ದು. ಇಲ್ಲಿ ರೇಡಿಯೋ ಬಿಸಿಯಾದರೆ ಸುತ್ತಲ ಗಾಳಿ ಬಿಸಿಯಾಗಿ ಹಗುರಾಗಿ ಮೇಲೆ ಹೋಗುತ್ತೆ, ತಣ್ಣನೆಯ ಗಾಳಿ ಕೆಳಗಿನಿಂದ ಬರುತ್ತೆ. ಸಂವಹನ ಅಂತ ಪಾಠದಲ್ಲಿ ಓದಿದ್ದೀವಿ. ನಿಲ್ದಾಣದಲ್ಲಿ ಎಲ್ಲವೂ ತೇಲುತ್ತಿರುವುದರಿಂದ ಹಗುರ, ಭಾರ ಅನ್ನುವುದೇ ಇಲ್ಲ. ಬಿಸಿ ಗಾಳಿ ಮೇಲೆ ಹೋಗೋದಿಲ್ಲ. 'ಮೇಲೆ' ಅಂತ ಒಂದು ದಿಕ್ಕೇ ಇಲ್ಲವಲ್ಲ! ಅದು ರೇಡಿಯೋದ ಸುತ್ತ ಕಂಬಳಿ ಹೊದ್ದ ಹಾಗೆ ನಿಂತುಬಿಡುತ್ತೆ. ಫ್ಯಾನ್ ಹಾಕಿ ದೂಡಬೇಕು. ಇಲ್ಲದಿದ್ದರೆ ಇಲ್ಲಿ ವರ್ಷಗಟ್ಟಲೆ ಬಾಳುವ ರೇಡಿಯೋ ಅಲ್ಲಿ ಬೇಗ ಕೆಡುತ್ತೆ.

ಇದಲ್ಲದೆ ರೇಡಿಯೋದ ಪ್ಲಾಸ್ಟಿಕ್ಕು ಕೆಟ್ಟ ಹೊಗೆ ಬಿಡಬಾರದು, ಬೆಂಕಿ ಹಿಡಿಯಬಾರದು, ರಾಕೆಟ್ ಅದುರುವಾಗ ಬಿಡಿಭಾಗ ಕಳಚಬಾರದು, ನಿಲ್ದಾಣದ ಬೇರೆ ರೇಡಿಯೋಗಳಿಗೆ ತೊಂದರೆ ಕೊಡಬಾರದು ಅಂತ ಪರೀಕ್ಷೆ ಮೇಲೆ ಪರೀಕ್ಷೆ. ನಮ್ಮ ಎಸ್ಸೆಸ್ಸೆಲ್ಸಿಯೇ ವಾಸಿ.

ಹೀಗೆ ಎಲ್ಲಾ ಪಾಸಾದ ಮೊದಲ ರೇಡಿಯೋಗಳು 2000ದ ಸೆಪ್ಟೆಂಬರಿನಲ್ಲಿ ಅಟ್ಲಾಂಟಿಸ್ ಷಟಲ್‌ನಲ್ಲಿ ಮೇಲೆ ಹೋದವು. ಆಗ ನಿಲ್ದಾಣದಲ್ಲಿ ವಾಸಕ್ಕೆ ಯಾರೂ ಬಂದಿರಲಿಲ್ಲ. ನವೆಂಬರ್ 2ರಂದು ಮೊದಲ ಮೂವರು ಬಂದರು: ಬಿಲ್ ಶೆಪರ್ಡ್, ಯೂರಿ ಗಿಡ್ಜೆಂಕೊ, ಮತ್ತು ನಾನು ಆಗಲೇ ಹೇಳಿದ ಸೆರ್ಗೈ ಕ್ರಿಕಲ್ಯೋವ್! ಹೊರಗೆ ಹ್ಯಾಮ್‌ಗೆ ಅಂತ ಆಂಟೆನಾ ಇನ್ನೂ ಇರಲಿಲ್ಲ. ಜಾರ್ಯಾ ಎಂಬ ಕೊಠಡಿಯ ಹೊರಗೆ ಬೇರೆ ಕೆಲಸಕ್ಕೆ ಹಾಕಿದ್ದ ಆಂಟೆನಾ ಒಂದಿತ್ತು. ಅದಕ್ಕೇ ಕೈ ರೇಡಿಯೋವನ್ನು ಸೇರಿಸಿ ಅದೇ ತಿಂಗಳಲ್ಲಿ ಮಾತು ಶುರು ಮಾಡಿದರು. ಪಕ್ಕದ ಮನೆಯ ಡಿಶ್ಶಿನಿಂದ ನಮ್ಮ ಟಿವಿಗೆ ತಂತಿ ಎಳೆದ ಹಾಗೆ. ಡಿಸೆಂಬರ್ 21ರಂದು ಅಮೆರಿಕಾದ ಇಲಿನಾಯ್ ರಾಜ್ಯದ ಲೂಥರ್ ಬರ್ಬ್ಯಾಂಕ್ ಶಾಲೆಯ ಮಕ್ಕಳು ಶೆಪರ್ಡ್ ಅವರ ಜೊತೆ ಮಾತಾಡಿದರು. ಈ ನಿಲ್ದಾಣದ ಜೊತೆ ಹ್ಯಾಮ್ ರೇಡಿಯೋದಲ್ಲಿ ಮಾತಾಡಿದ ಮೊದಲ ಶಾಲೆ ಅದು.

ಹೊರಗೆ ಆಂಟೆನಾ ಹಾಕಿದ್ದು

ಸ್ವಂತ ಆಂಟೆನಾ ಹಾಕಿದ್ದು 2002ರಲ್ಲಿ. ಜ್ವೆಜ್ದಾದ ಸುತ್ತ ಒಟ್ಟು ನಾಲ್ಕು. ಜನವರಿ 14ರಂದು ಯೂರಿ ಒನುಫ್ರಿಯೆಂಕೊ ಮತ್ತು ಕಾರ್ಲ್ ವಾಲ್ಜ್ ಹೊರಗೆ ಹೋಗಿ ಮೊದಲನೆಯದನ್ನು ಹಾಕಿದರು. ಜನವರಿ 25ರಂದು ಒನುಫ್ರಿಯೆಂಕೊ ಮತ್ತು ಡೇನಿಯಲ್ ಬರ್ಷ್ ಎರಡನೆಯದು. ಆಗಸ್ಟ್ 26ರಂದು ವಲೇರಿ ಕೊರ್ಜುನ್ ಮತ್ತು ಸೆರ್ಗೈ ತ್ರೆಶ್ಚೋವ್ ಉಳಿದ ಎರಡು. ಒಂದೊಂದು ಸಲವೂ ಐದಾರು ಗಂಟೆ ಹೊರಗೇ ಇದ್ದು, ಬೇರೆ ಕೆಲಸಗಳ ಜೊತೆಗೆ ಇದನ್ನೂ ಮಾಡಿದರು.

ಹೊರಗೆ ಹೋಗೋದು ಅಂದರೆ ಬಾಗಿಲು ತೆಗೆದು ಅಂಗಳಕ್ಕೆ ಇಳಿದ ಹಾಗಲ್ಲ. ಗಾಳಿ ತುಂಬಿದ ದಪ್ಪ ಕೈಗವುಸು ಹಾಕಿರುತ್ತಾರೆ. ಊದಿದ ಬಲೂನನ್ನು ಅಮುಕುತ್ತಾ ನಟ್ಟು ತಿರುಗಿಸಿದ ಹಾಗೆ ಬೆರಳು ಸೋಲುತ್ತೆ. ಸ್ಪ್ಯಾನರ್ ಕೈಬಿಟ್ಟರೆ ಕೆಳಗೆ ಬೀಳೋದಿಲ್ಲ, ತೇಲಿ ಹೋಗಿಬಿಡುತ್ತೆ. ಅದಕ್ಕೇ ಪ್ರತಿಯೊಂದು ಸಾಮಾನಿಗೂ ಹಗ್ಗ. ಬಿಸಿಲಿಗೆ ಬಂದ ಲೋಹ ನೂರು ಡಿಗ್ರಿ ದಾಟುತ್ತೆ, ನೆರಳಿಗೆ ಹೋದರೆ ಸೊನ್ನೆಗಿಂತ ನೂರು ಡಿಗ್ರಿ ಕೆಳಗೆ ಇಳಿಯುತ್ತೆ. ಒಂದು ಸುತ್ತಿಗೆ ಸುಮಾರು ತೊಂಬತ್ತೆರಡು ನಿಮಿಷ, ಆದ್ದರಿಂದ ಮುಕ್ಕಾಲು ಗಂಟೆಗೊಮ್ಮೆ ಹಗಲು, ಮುಕ್ಕಾಲು ಗಂಟೆಗೊಮ್ಮೆ ರಾತ್ರಿ!

ಆ ಆಂಟೆನಾ ಯಾವುದರದ್ದು ಗೊತ್ತೇ? ನಾಲ್ಕಕ್ಕೂ ಲೋಹದ ಪಟ್ಟಿ. ಬಡಗಿ ಅಳತೆ ಟೇಪು ಹೊರಗೆ ಎಳೆದಾಗ ನೆಟ್ಟಗೆ ನಿಲ್ಲುತ್ತೆ, ಕೈ ತಾಗಿದರೆ ಬಗ್ಗುತ್ತೆ, ಬಿಟ್ಟರೆ ಮತ್ತೆ ನೆಟ್ಟಗಾಗುತ್ತೆ ನೋಡಿ, ಅದೇ ಗುಣ. ಗಟ್ಟಿ ಕಂಬಿ ಹಾಕಿದ್ದರೆ ಹೊರಗೆ ಓಡಾಡುವವರ ಉಡುಪಿಗೆ ಚುಚ್ಚುವ ಅಪಾಯ. ಆಂಟೆನಾದ ಉದ್ದ ನಮ್ಮಿಷ್ಟದ ಪ್ರಕಾರ ಇರೋದಿಲ್ಲ. ಅಲೆಯ ಉದ್ದಕ್ಕೆ ತಕ್ಕ ಹಾಗೆ ಇರಬೇಕು. ನಿಲ್ದಾಣದ ಮಾತು ಭೂಮಿಗೆ ಬರುವುದು 145.8 ಮೆಗಾಹರ್ಟ್ಸ್ ಆವೃತ್ತಿಯಲ್ಲಿ. 300ನ್ನು 145.8ರಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತೆ, 2 ಮೀಟರ್ ಚಿಲ್ಲರೆ. ಅದರ ಕಾಲುಭಾಗ 51 ಸೆಂಟಿಮೀಟರ್. ನಾವು ಕೆಳಗೆ ಕೇಳಲು 51 ಸೆಂಟಿಮೀಟರಿನ ಒಂದು ತಾಮ್ರದ ತಂತಿ ನೆಟ್ಟಗೆ ನಿಲ್ಲಿಸಿ, ಅದರ ಬುಡದಲ್ಲಿ ಅಷ್ಟೇ ಉದ್ದದ ನಾಲ್ಕು ತಂತಿ ಕೊಡೆಕಡ್ಡಿಯ ಹಾಗೆ ಚಾಚಿದರೆ ಅದೇ ಒಂದು ಆಂಟೆನಾ.

ನನ್ನ ಅಭಿಪ್ರಾಯದಲ್ಲಿ 1983ರಲ್ಲಿ ಕಿಟಕಿಯಿಂದ ಮಾತಾಡಿದ್ದಕ್ಕಿಂತ 2002ರ ಈ ಕೆಲಸವೇ ದೊಡ್ಡದು. ಅದರ ಬಗ್ಗೆ ಪುಸ್ತಕಗಳಲ್ಲಿ ಯಾರೂ ಜಾಸ್ತಿ ಬರೆಯೋದಿಲ್ಲ, ಅಷ್ಟೇ.

ಆಮೇಲೆ ಯುರೋಪಿನವರ ಕೊಲಂಬಸ್ ಕೊಠಡಿ 2008ರ ಫೆಬ್ರವರಿಯಲ್ಲಿ ಬಂತು. ಅದಕ್ಕೆ ಹ್ಯಾಮ್ ಆಂಟೆನಾಗಳನ್ನು ಭೂಮಿಯ ಮೇಲಿರುವಾಗಲೇ ಕೂರಿಸಿದ್ದರು. ಬುದ್ಧಿವಂತಿಕೆ ಅಂದರೆ ಇದು. 2020ರಲ್ಲಿ ಆ ಕೊಠಡಿಗೆ ಹೊಸ ರೇಡಿಯೋ ಬಂತು. ಅದರ ಜೊತೆ ಬಂದ ವಿದ್ಯುತ್ ಪೆಟ್ಟಿಗೆ 28 ವೋಲ್ಟ್ ಕೊಟ್ಟರೂ, 120 ವೋಲ್ಟ್ ಕೊಟ್ಟರೂ 13.8 ಮಾಡಿಕೊಡುತ್ತೆ. ಕ್ರಿಸ್ ಕ್ಯಾಸಿಡಿ ಎಂಬ ಗಗನಯಾತ್ರಿ ಅದನ್ನು ಜೋಡಿಸಿದರು. ಸೆಪ್ಟೆಂಬರ್ 2ರಂದು ಚಾಲೂ ಆಯಿತು. ಅದು ಒಬ್ಬ ಹ್ಯಾಮ್‌ನ ಮಾತನ್ನು ಕೆಳಗಿನಿಂದ ಕೇಳಿ ಬೇರೆ ಆವೃತ್ತಿಯಲ್ಲಿ ಎಲ್ಲರಿಗೂ ಕೇಳಿಸುತ್ತೆ. ಗುಡ್ಡದ ಮೇಲೆ ನಿಂತವನು ಈಚೆ ಊರಿನವರು ಕೂಗಿದ್ದನ್ನು ಆಚೆ ಊರಿಗೆ ಕೂಗಿ ಹೇಳಿದ ಹಾಗೆ.

ಒಂದು ಬಾಗಿದ ಕೇಬಲ್

ಎಲ್ಲಾ ಚೆನ್ನಾಗಿ ನಡೀತಿತ್ತು. 2021ರ ಜನವರಿ 27ರಂದು ಮೈಕ್ ಹಾಪ್ಕಿನ್ಸ್ ಮತ್ತು ವಿಕ್ಟರ್ ಗ್ಲೋವರ್ ಕೊಲಂಬಸ್ ಕೊಠಡಿಯ ಹೊರಗೆ ಬೇರೊಂದು ಹೊಸ ವೇದಿಕೆಗೆ ಕೇಬಲ್ ಹಾಕುವ ಕೆಲಸಕ್ಕೆ ಹೋದರು. ಆಗಲೇ ಹ್ಯಾಮ್ ಆಂಟೆನಾದ ಹಳೆಯ ಕೇಬಲ್ ಬದಲಾಯಿಸಿ ಹೊಸದನ್ನು ಹಾಕಿದರು. ಕೆಲಸ ಮುಗಿದ ಮೇಲೆ ರೇಡಿಯೋ ಹಚ್ಚಿದರೆ ಭೂಮಿಯಲ್ಲಿ ಯಾರಿಗೂ ಏನೂ ಕೇಳಿಸಲಿಲ್ಲ! ಹೊರಗೆ ಜನ ಓಡಾಡುವಾಗ ಹ್ಯಾಮ್ ರೇಡಿಯೋ ಆರಿಸಿರುವುದು ಅಲ್ಲಿನ ವಾಡಿಕೆ, ಆದ್ದರಿಂದ ಕೆಲಸ ನಡೆಯುವಾಗಲೇ ಗೊತ್ತಾಗುವ ಹಾಗೂ ಇರಲಿಲ್ಲ. ರೇಡಿಯೋ ಸರಿ ಇತ್ತು, ಕರೆಂಟು ಸರಿ ಇತ್ತು, ಆಂಟೆನಾ ಸರಿ ಇತ್ತು. ಅನುಮಾನ ಉಳಿದದ್ದು ಹೊರಗಿನ ಕೇಬಲ್ ಮೇಲೆ.

ಇಲ್ಲಾಗಿದ್ದರೆ ಏಣಿ ಹಾಕಿ ಹತ್ತಿ ನೋಡುತ್ತಿದ್ದೆವು. ಅಲ್ಲಿ ಅದಕ್ಕೋಸ್ಕರ ಯಾರೂ ತಕ್ಷಣ ಹೊರಗೆ ಇಳಿಯೋದಿಲ್ಲ. ಸುಮಾರು ಒಂದೂವರೆ ತಿಂಗಳು ಕಾಯಬೇಕಾಯಿತು. ಅಲ್ಲಿವರೆಗೆ ಜ್ವೆಜ್ದಾದಲ್ಲಿದ್ದ ಇನ್ನೊಂದು ರೇಡಿಯೋ ಶಾಲೆ ಮಕ್ಕಳ ಕೈ ಹಿಡಿಯಿತು. ಮಾರ್ಚ್ 13ರಂದು ಅವರಿಬ್ಬರೇ ಮತ್ತೆ ಹೊರಗೆ ಹೋದರು. ನೋಡಿದರೆ ಕೇಬಲ್ ಒಂದು ಕಡೆ, ಕನೆಕ್ಟರಿನ ಹತ್ತಿರ, ಚೂಪಾಗಿ ಬಾಗಿತ್ತು. ಅದನ್ನು ನೆಟ್ಟಗೆ ಮಾಡಿದರು. ಆಮೇಲೆ ಒಳಗೆ ರೇಡಿಯೋ ಹಚ್ಚಿದಾಗ ಅಮೆರಿಕಾದ ಹ್ಯಾಮ್‌ಗಳಿಗೆ ಸಿಗ್ನಲ್ ಕೇಳಿಸಿತು.

ಬರೀ ಬಾಗಿದ್ದಕ್ಕೆ ಯಾಕೆ ಹಾಗೆ ಆಗುತ್ತೆ? ಡಿಶ್ ಟಿವಿಯ ಕೇಬಲ್ ಕತ್ತರಿಸಿ ನೋಡಿದವರಿಗೆ ಗೊತ್ತಿರುತ್ತೆ: ನಡುವೆ ಒಂದು ತಂತಿ, ಅದರ ಸುತ್ತ ಬಿಳಿ ಪ್ಲಾಸ್ಟಿಕ್ಕು, ಅದರ ಮೇಲೆ ಲೋಹದ ಜಾಲರಿ. ನಡುವಿನ ತಂತಿಗೂ ಜಾಲರಿಗೂ ಇರುವ ಅಂತರ ಉದ್ದಕ್ಕೂ ಒಂದೇ ಸಮ ಇದ್ದರೆ ಅಲೆ ಸಲೀಸಾಗಿ ಹೋಗುತ್ತೆ. ಚೂಪಾಗಿ ಮಡಿಸಿದರೆ ಅಲ್ಲಿ ಅಂತರ ಕೆಡುತ್ತೆ, ಜೋಡಣೆಯೂ ಸಡಿಲ ಆಗಬಹುದು. ಅಲೆ ಮುಂದೆ ಹೋಗದೆ ಹಿಂದಕ್ಕೆ ತಿರುಗುತ್ತೆ. ಗದ್ದೆಗೆ ನೀರು ಬಿಡುವಾಗ ಪೈಪು ಮಡಿಸಿಕೊಂಡರೆ ಮೋಟಾರು ಓಡುತ್ತಿದ್ದರೂ ಆ ತುದಿಯಲ್ಲಿ ನೀರು ಬರೋದಿಲ್ಲವಲ್ಲ, ಸುಮಾರಾಗಿ ಹಾಗೇ.

ಹತ್ತು ನಿಮಿಷದ ಮಾತು

ಇಷ್ಟೆಲ್ಲಾ ಕಷ್ಟಪಟ್ಟು ಹಾಕಿದ ರೇಡಿಯೋದಲ್ಲಿ ಒಂದು ಶಾಲೆಗೆ ಸಿಗೋದು ಹೆಚ್ಚೆಂದರೆ ಹತ್ತು ನಿಮಿಷ. ಯಾಕೆ? ನಿಲ್ದಾಣ ಈ ದಿಗಂತದಿಂದ ಆ ದಿಗಂತಕ್ಕೆ ಹೋಗುವಾಗ ತನ್ನ ಸುತ್ತಿನ ಸುಮಾರು ಒಂಬತ್ತನೇ ಒಂದು ಭಾಗ ಮಾತ್ರ ನಮಗೆ ಕಾಣುತ್ತೆ. 92ನ್ನು 9ರಿಂದ ಭಾಗಿಸಿ. ಅಷ್ಟೇ ನಿಮಿಷ. ಅದೂ ಸರಿಯಾಗಿ ನೆತ್ತಿಯ ಮೇಲೆ ಹೋದರೆ. ಮಕ್ಕಳು ಮೊದಲೇ ಸಾಲಾಗಿ ನಿಂತು, ಒಬ್ಬೊಬ್ಬರು ಒಂದೊಂದು ಪ್ರಶ್ನೆ ಕೇಳಿ 'ಓವರ್' ಅನ್ನಬೇಕು. ಓವರ್ ಅನ್ನದಿದ್ದರೆ ಮೇಲಿನವರಿಗೆ ಉತ್ತರ ಶುರು ಮಾಡಬೇಕೋ ಬೇಡವೋ ತಿಳಿಯೋದಿಲ್ಲ, ಯಾಕೆಂದರೆ ಒಂದು ಸಲಕ್ಕೆ ಒಬ್ಬರೇ ಮಾತಾಡಬಹುದು. ಸಾಲಿನಲ್ಲಿ ಕೊನೆಗೆ ನಿಂತವನಿಗೆ ಎದೆ ಡವಡವ ಅನ್ನುತ್ತಿರುತ್ತೆ. ಮುಂದಿನವನು ಪ್ರಶ್ನೆ ಉದ್ದ ಮಾಡಿದರೆ ಇವನ ಪ್ರಶ್ನೆ ದಿಗಂತದ ಕೆಳಗೆ ಹೋಯಿತು.

ಇನ್ನೊಂದು ತಮಾಷೆ ಇದೆ. ನಿಲ್ದಾಣ ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗಿಂತ ಜೋರಾಗಿ ಓಡುತ್ತೆ. ಹತ್ತಿರ ಬರುವಾಗ ಅದರ ಆವೃತ್ತಿ ಸ್ವಲ್ಪ ಏರಿದ ಹಾಗೆ, ದೂರ ಹೋಗುವಾಗ ಇಳಿದ ಹಾಗೆ ಸಿಗುತ್ತೆ. ರೈಲು ಕೂಗುತ್ತಾ ನಮ್ಮನ್ನು ದಾಟುವಾಗ ಸ್ವರ ಇಳಿಯುತ್ತಲ್ಲ, ಅದೇ ಡಾಪ್ಲರ್ ಪರಿಣಾಮ. 145.8ರಲ್ಲಿ ಈ ವ್ಯತ್ಯಾಸ ಬರುವಾಗ ಮೂರೂವರೆ ಕಿಲೋಹರ್ಟ್ಸ್ ಮೇಲಕ್ಕೆ, ಹೋಗುವಾಗ ಅಷ್ಟೇ ಕೆಳಕ್ಕೆ. ಕೆಳಗೆ ಕೂತವರು ನಾಬ್ ತಿರುಗಿಸುತ್ತಾ ಇರಬೇಕು.

ಇಲ್ಲಿವರೆಗೆ ಸಾವಿರಕ್ಕೂ ಹೆಚ್ಚು ಸಲ ಶಾಲೆ ಕಾಲೇಜಿನ ಮಕ್ಕಳು ಹೀಗೆ ಮಾತಾಡಿದ್ದಾರೆ. ಅದರಲ್ಲಿ ಒಂದು ನಮ್ಮ ರಾಜಧಾನಿಯಲ್ಲೇ ನಡೆಯಿತು. 2025ರ ಜುಲೈ 4ರಂದು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ವಿದ್ಯಾರ್ಥಿಗಳು, ಆಗ ನಿಲ್ದಾಣದಲ್ಲಿದ್ದ ನಮ್ಮ ದೇಶದ ಶುಭಾಂಶು ಶುಕ್ಲಾ ಅವರ ಜೊತೆ ಹ್ಯಾಮ್ ರೇಡಿಯೋದಲ್ಲಿ ಮಾತಾಡಿದರು. ಅಂದಹಾಗೆ ರಾವ್ ಅವರು ಉಡುಪಿ ಹತ್ತಿರದ ಅದಮಾರು ಎಂಬ ಹಳ್ಳಿಯಲ್ಲಿ ಹುಟ್ಟಿದವರು.

ನಮ್ಮ ಮನೆಯ ಎಫ್‌ಎಂ ರೇಡಿಯೋದಲ್ಲಿ ಇದು ಸಿಗೋದಿಲ್ಲ, ಅದು 108 ಮೆಗಾಹರ್ಟ್ಸ್‌ಗೇ ನಿಲ್ಲುತ್ತೆ. 145.8 ಹಿಡಿಯುವ ರೇಡಿಯೋ ಬೇಕು. ತಿರುಗಿ ಮಾತಾಡಬೇಕಾದರೆ ಲೈಸೆನ್ಸ್ ಕಡ್ಡಾಯ.

'ಬುರುಡೆ' ಅಂತ ಬರೆದ ಗೆಳೆಯರಿಗೂ ಉಳಿದವರಿಗೂ ಒಂದು ಲೆಕ್ಕ: ಹೊಸ ರೇಡಿಯೋ ಎಲ್ಲರಿಗೂ ಕೂಗಿ ಹೇಳುವುದು 437.8 ಮೆಗಾಹರ್ಟ್ಸ್‌ನಲ್ಲಿ. ಅದಕ್ಕೆ ಕಾಲುಭಾಗದ ಆಂಟೆನಾ ಎಷ್ಟು ಸೆಂಟಿಮೀಟರ್ ಬೇಕು? ಉತ್ತರವನ್ನು ಹೆಸರು, ತರಗತಿ ಸಮೇತ ಚೀಟಿಯಲ್ಲಿ ಬರೆದು ಸ್ಟಾಫ್ ರೂಮಿನ ಬಾಗಿಲ ಪಕ್ಕದ ಡಬ್ಬಿಗೆ ಶನಿವಾರದೊಳಗೆ ಹಾಕಿ. ಪೆನ್ಸಿಲಿನಲ್ಲಿ ಬರೆದರೂ ನಡೆಯುತ್ತೆ.